ಬೆರಿಲ್ ಹಾಕಿಂಗ್ ಮತ್ತು ಎಮು ಮರಿಯ ಕಥೆ

ಅಪ್ಪ ನಾಯಿಯ ಕೊರಳಿಂದ ಸರಪಳಿ ಬಿಚ್ಚುತ್ತಿರುವುದು ನಾಯಿಯನ್ನು ಅಡ್ಡಾಡಿಸಲು ಅಲ್ಲ ಎಂದು ಬೆರಿಲ್‌ಗೆ ಅಡುಗೆಮನೆಯ ಕಿಟಕಿಯಿಂದಲೇ ಗೊತ್ತಾಯಿತು. ಬೆಳಿಗ್ಗೆ ತಮ್ಮ ನೆವಿಲ್ ಮುಂಗುಸಿಯಂಥ ಫೆರೆಟ್‌ಗಳ ಪೆಟ್ಟಿಗೆಗೆ ಚಿಲಕ ಹಾಕಲು ಮರೆತಿದ್ದ. ಮೊಲದ ಬಿಲಕ್ಕೆ ನುಗ್ಗಿಸಲೆಂದು ಅಪ್ಪ ಸಾಕಿಕೊಂಡಿದ್ದ ಮೂರೂ ಫೆರೆಟ್‌ಗಳು ಗೋಧಿ ತುಂಬಿಡುವ ಸೈಲೋ ಕಡೆಗೆ ಪರಾರಿಯಾಗಿದ್ದವು.

"ಅಮ್ಮಾ, ಹೊರಗೆ ನೋಡು" ಎಂದಳು ಬೆರಿಲ್.

ಅಮ್ಮ ಐವಿ ಒಲೆಯ ಮೇಲಿನ ಕುರಿಮಾಂಸದ ತುಂಡುಗಳನ್ನು ಮಗುಚಿ ಹಾಕುತ್ತಿದ್ದಳು. "ನೀನು ನೋಡಬೇಡ. ಆಲೂಗಡ್ಡೆ ಸುಲಿ" ಎಂದಳು.

ಮೊದಲ ಏಟಿಗೆ ನೆವಿಲ್ ಕೂಗಲಿಲ್ಲ. ಎರಡನೆಯದಕ್ಕೆ ಅವನ ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಏಳು ವರ್ಷದ ಹುಡುಗ. ಅಂಗಿಯೊಳಗೆ ಬೆನ್ನು ಎನ್ನುವುದಕ್ಕಿಂತ ಪಕ್ಕೆಲುಬು ಎನ್ನುವುದೇ ಹೆಚ್ಚಿತ್ತು. ಬೆರಿಲ್ ಆಲೂಗಡ್ಡೆ ಎಸೆದು ಓಡಿದಳು. ಅಪ್ಪನ ತೋಳಿಗೆ ಜೋತುಬಿದ್ದು ಮಣಿಕಟ್ಟನ್ನು ಕಚ್ಚಿದಳು. ಅಪ್ಪ ಕ್ಲೆಮ್ ಹಾಕಿಂಗ್ ಅವಳನ್ನು ಒದ್ದೆ ಬಟ್ಟೆ ಕೊಡವಿದಂತೆ ಕೊಡವಿ ನೀರಿನ ತೊಟ್ಟಿಯ ಕಂಬಕ್ಕೆ ಬೀಸಿದ. ಅವಳ ಹುಬ್ಬು ಒಡೆಯಿತು. ಅಷ್ಟು ಹೊತ್ತು ಸಾಕಾಯಿತು. ನೆವಿಲ್ ತಂತಿಬೇಲಿಯ ಕೆಳಗೆ ತೂರಿ, ಕೊಯ್ಲಾದ ಗೋಧಿ ಹೊಲದ ಕೂಳೆಗಳ ಮೇಲೆ ಬರಿಗಾಲಲ್ಲಿ ಓಡಿ, ಮಾಲೀ ಪೊದೆಗಾಡಿನೊಳಗೆ ಹೊಕ್ಕುಬಿಟ್ಟ.

"ಓಡು, ಓಡು!" ಎಂದು ಕ್ಲೆಮ್ ಹಿಂದಿನಿಂದ ಕೂಗಿದ. "ಹೊಟ್ಟೆ ಚುರುಗುಟ್ಟಿದ್ರೆ ತಾನಾಗೇ ಬರ್ತೀಯ. ಮಿಕ್ಕಿದ್ದು ಆಗ ಕೊಡ್ತೀನಿ!"

ಕತ್ತಲಾದರೂ ನೆವಿಲ್ ಬರಲಿಲ್ಲ. ಮರುದಿನ ಬೆಳಿಗ್ಗೆ ಪೊಲೀಸ್ ಪೇದೆ ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಟಾಲಿಸ್ ಎಂಬ ಆ ಊರಿನಲ್ಲಿ ಕ್ಲೆಮ್ ಹಾಕಿಂಗ್ ಎಂದರೆ ಸಣ್ಣ ಮನುಷ್ಯನಲ್ಲ. ಊರಿನ ಫುಟ್‌ಬಾಲ್ ತಂಡಕ್ಕೆ ಎರಡು ಸಲ ಕಪ್ ಗೆದ್ದುಕೊಟ್ಟವನು, ನ್ಯೂಗಿನಿಯ ಯುದ್ಧದಿಂದ ಕಾಲಿನಲ್ಲಿ ಲೋಹದ ಚೂರು ಹೊತ್ತು ಬಂದವನು. ಹೋಟೆಲಿನಲ್ಲಿ ಅವನ ಬಿಯರಿಗೆ ಅವನೇ ದುಡ್ಡು ಕೊಡುವುದು ಅಪರೂಪ.

"ಎಮು ಮರಿ ಕಂಡ್ರೆ ಹುಚ್ಚು ನಮ್ಮ ಹುಡುಗನಿಗೆ" ಎಂದ ಕ್ಲೆಮ್. "ಬೇಲಿ ಪಕ್ಕ ಒಂದು ಓಡಾಡ್ತಿತ್ತು. ಅದರ ಹಿಂದೇನೇ ಹೋಗಿದಾನೆ."

ಪೇದೆ ಬೆರಿಲ್ ಕಡೆ ಬಾಗಿದ. "ನೀನು ನೋಡಿದ್ಯೇನಮ್ಮ?"

ಅಪ್ಪನ ಕೈ ಅವಳ ಕತ್ತಿನ ಹಿಂದೆ ಇತ್ತು. ಹೆಬ್ಬೆರಳು ಕಿವಿಯ ಕೆಳಗಿನ ಮೆತ್ತನೆಯ ಜಾಗ ಹುಡುಕಿಕೊಂಡು ಒತ್ತಿತು.

"ನೋಡಿದೆ" ಎಂದಳು. "ಚಿಕ್ಕ ಮರಿ. ಪಟ್ಟೆ ಪಟ್ಟೆ ಇತ್ತು."

ಊರೇ ಕಾಡಿಗೆ ನುಗ್ಗಿತು. ರೈತರು ಕುದುರೆ ತಂದರು, ರೈಲ್ವೆಯವರು ಲಾಂದ್ರ ತಂದರು. ಹೆಂಗಸರು ಊರಿನ ಸಭಾಂಗಣದಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಐವಿಯ ಭುಜ ನೇವರಿಸಿದರು. ಗಂಡಸರು ಕೈಯಳತೆಯಲ್ಲಿ ಸಾಲಾಗಿ ನಡೆಯುತ್ತ "ನೆವೀ... ನೆವೀ..." ಎಂದು ಕರೆದರು. ಎಲ್ಲರಿಗಿಂತ ಗಟ್ಟಿಯಾಗಿ ಕರೆದವನು ಕ್ಲೆಮ್. ಕರೆದು ಕರೆದು ಅವನ ಗಂಟಲು ಒಡೆಯಿತು. ಪಟ್ಟಣದಿಂದ ಬಂದ ಪತ್ರಿಕೆಯವನು ಅದನ್ನು ಬರೆದುಕೊಂಡ.

ಮೂರನೆಯ ಬೆಳಿಗ್ಗೆ ಹುಡುಗ ಪೊದೆಗಳ ನಡುವಿನ ಬಯಲಿನಲ್ಲಿ ಸುಮ್ಮನೆ ನಿಂತಿದ್ದ. ಕ್ಲೆಮ್ ಓಡಿಹೋಗಿ ಎತ್ತಿಕೊಂಡ, ಅತ್ತ, ನಿಜವಾಗಿಯೂ ಅತ್ತ. ನೆವಿಲ್ ಆ ತೋಳುಗಳಲ್ಲೇ ಉಚ್ಚೆ ಹೊಯ್ದುಕೊಂಡ. ಸುತ್ತ ನಿಂತವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಪಾಪ, ಅಪ್ಪನ್ನ ನೋಡಿ ಜೀವ ಬಂತು ನೋಡ್ರೋ ಮರಿಗೆ!"

ಸಭಾಂಗಣದ ಹಿಂದಿನ ಕೋಣೆಯಲ್ಲಿ ಶಾಲೆಯ ಮೇಡಂ, ಮಿಸ್ ಆಟವೇ ಎಂಬವರು, ಅವನ ಅಂಗಿ ಬಿಚ್ಚಿದರು. ಬೆರಿಲ್ ಕೆಂಪು ಔಷಧಿಯ ಸೀಸೆ ಹಿಡಿದು ನಿಂತಿದ್ದಳು. ಹುಡುಗನ ಬೆನ್ನಿನ ಮೇಲೆ ಸರಪಳಿಯ ಒಂದೊಂದು ಕೊಂಡಿಯೂ ಅಚ್ಚೊತ್ತಿತ್ತು. ಕೆಲವು ಕಡೆ ಕೀವು ತುಂಬಿತ್ತು. ಮಿಸ್ ಆಟವೇ ತುಂಬ ಹೊತ್ತು ನೋಡಿದರು. ಹತ್ತಿಯನ್ನು ಔಷಧಿಯಲ್ಲಿ ಅದ್ದಿ ಹಚ್ಚಿದರು.

"ಮುಳ್ಳು ಪರಚಿರೋದು" ಎಂದರು ಕೊನೆಗೆ. "ಅಲ್ವಾ ಬೆರಿಲ್? ಕಾಡಿನ ಮುಳ್ಳು."

ಬೆರಿಲ್ ಸೀಸೆಯ ಬಿರಡೆ ಮುಚ್ಚಿದಳು.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಕ್ಲೆಮ್ ತನ್ನದೇ ಚಿತ್ರವಿದ್ದ ಪತ್ರಿಕೆ ಓದುತ್ತಿದ್ದ. ಪತ್ರಿಕೆ ಮಡಿಸಿಟ್ಟು ಮಗನನ್ನು ನೋಡಿದ. "ಊರೆಲ್ಲ ಸೇರಿಸಿ ನನ್ನನ್ನ ಹೆಂಗಸಿನ ಥರ ಅಳಿಸಿದೆಯಲ್ಲೋ" ಎಂದ. ದನಿಯಲ್ಲಿ ಕೋಪವೂ ಇರಲಿಲ್ಲ. ಕೂತಲ್ಲಿಂದಲೇ ಅಂಗೈ ಬೀಸಿ ಹುಡುಗನ ಕಿವಿಗೆ ಹೊಡೆದ, ತಲೆ ವಾಪಸು ಬಂದಾಗ ಮತ್ತೆ ಹೊಡೆದ. ಬಟಾಣಿ ಕಾಳುಗಳ ಮೇಲೆ ಕಿವಿಯಿಂದ ರಕ್ತ ತೊಟ್ಟಿಕ್ಕಿತು. ಡಾಕ್ಟರಿಗೆ ಐವಿ, ನೀರಿನ ತೊಟ್ಟಿಯ ಅಟ್ಟದಿಂದ ಬಿದ್ದ ಎಂದಳು. ಆ ಎಡಗಿವಿ ಮತ್ತೆ ಕೇಳಲಿಲ್ಲ.

ಬೆರಿಲ್‌ಗೆ ಓದಿನ ಹುಚ್ಚು ಹತ್ತಿದ್ದು ಆ ವರ್ಷ. ಶಾಲೆಯ ಕಪಾಟಿನಲ್ಲಿದ್ದ ಮಕ್ಕಳ ಪುಸ್ತಕಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಆ ಪುಸ್ತಕಗಳಲ್ಲಿ ಮಕ್ಕಳು ಕುದುರೆಮರಿ ಏರಿ ತೊರೆ ದಾಟುತ್ತಿದ್ದರು, ಬೆಂಕಿ ಮಾಡಿ ಡಬ್ಬಿಯಲ್ಲಿ ಚಹಾ ಕಾಸುತ್ತಿದ್ದರು. ಹಾವು ಬರುತ್ತಿತ್ತು, ಕಾಡ್ಗಿಚ್ಚು ಬರುತ್ತಿತ್ತು, ನೆರೆ ಬರುತ್ತಿತ್ತು. ಮನೆಯೊಳಗಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಅಪ್ಪಂದಿರು ಪುಟದ ಅಂಚಿನಲ್ಲಿ ಚುಟ್ಟಾ ಸೇದುತ್ತ ನಗುತ್ತಿದ್ದರು. ಯಾವ ಅಪ್ಪನ ಸೊಂಟದಲ್ಲಿ ಬೆಲ್ಟು ಬರೆದಿದ್ದಾರೆ ಎಂದು ಅವಳು ಚಿತ್ರಗಳಲ್ಲಿ ಹುಡುಕುತ್ತಿದ್ದಳು.

ಅವಳಿಗೆ ಹದಿನಾಲ್ಕು ತುಂಬಿದಾಗ ಆ ಕಪಾಟಿಗೆ ಒಂದು ಹೊಸ ಪುಸ್ತಕ ಸೇರಿತು. ಬರೆದವರು ಮಿಸ್ ಆಟವೇ, ಅಚ್ಚಾದದ್ದು ಮೆಲ್ಬರ್ನ್‌ನಲ್ಲಿ. ಎಮು ಮರಿಯ ಬೆನ್ನುಹತ್ತಿ ಕಾಡಿನಲ್ಲಿ ಕಳೆದುಹೋದ ಪುಟ್ಟ ಹುಡುಗನ ಕಥೆ. ಹುಡುಗನ ಹೆಸರು ನೆಡ್. ಅವನ ಅಪ್ಪ ಎರಡು ರಾತ್ರಿ ನಿದ್ದೆಗೆಟ್ಟು, ಗಂಟಲು ಒಡೆಯುವ ತನಕ ಕರೆದು, ಕೊನೆಗೆ ಮಗನನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ. ಎಮು ಮರಿ ಹಿಂದೆ ಹಿಂದೆಯೇ ಮನೆಗೆ ಬರುತ್ತದೆ. ಮಿಸ್ ಆಟವೇ ಅದನ್ನು ತರಗತಿಯಲ್ಲಿ ಓದಿದಾಗ ನೆವಿಲ್ ಬಲಗಿವಿಯನ್ನು ಮುಂದೆ ಮಾಡಿಕೊಂಡು ಕೂತಿದ್ದ. ಮಕ್ಕಳೆಲ್ಲ ಅವನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಅವನು ನಾಚಿ ಕೆಂಪಾದ. ಬೆರಿಲ್ ಎದ್ದು ಹೊರಗೆ ಹೋಗಿ, ಪಾಠ ಮುಗಿಯುವ ತನಕ ನಲ್ಲಿಯ ಹತ್ತಿರವೇ ನಿಂತಳು.

ಹದಿನೇಳಕ್ಕೆ ಅವಳು ಊರು ಬಿಟ್ಟಳು. ಬ್ಯಾಲರಾಟ್‌ನಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಮೆಲ್ಬರ್ನ್‌ನ ಪಶ್ಚಿಮದ ಕಾರ್ಖಾನೆ ಬಡಾವಣೆಯಲ್ಲಿ ಕೆಲಸಕ್ಕೆ ಸೇರಿದಳು. ಆಗ ಎಲ್ಲ ಮೇಷ್ಟ್ರ ಮೇಜಿನ ಡ್ರಾಯರಿನಲ್ಲೂ ಮಕ್ಕಳಿಗೆ ಹೊಡೆಯಲು ಚರ್ಮದ ಪಟ್ಟಿ ಇರುತ್ತಿತ್ತು. ಬೆರಿಲ್‌ಳದ್ದರ ಮೇಲೆ ಧೂಳು ಕೂತಿತ್ತು. ಆದರೆ ಒಂದು ದಿನ ಲೊರೈನ್ ಎಂಬ ಹುಡುಗಿ ಚಿಕ್ಕವನೊಬ್ಬನ ಬೆರಳುಗಳನ್ನು ಬೇಕೆಂದೇ ಬಾಗಿಲಿಗೆ ಸಿಕ್ಕಿಸಿ, ಅವನು ಚೀರುವುದನ್ನು ನೋಡುತ್ತ ನಿಂತಳು. ಬೆರಿಲ್ ಪಟ್ಟಿ ತೆಗೆದಳು. ಒಂದು ಹೊಡೆತ ಎಂದುಕೊಂಡಿದ್ದಳು. ಯಾರೋ "ಮಿಸ್, ಸಾಕು ಮಿಸ್!" ಎಂದು ಕಿರುಚಿದಾಗ ನೋಡಿದರೆ ಲೊರೈನ್‌ಳ ಅಂಗೈಗಳು ಊದಿ ಒಡೆದಿದ್ದವು. ತನ್ನ ಮಣಿಕಟ್ಟು ಹಿಂದಕ್ಕೆ ಬಾಗಿ ಮುಂದಿನ ಏಟಿಗೆ ತಯಾರಾಗಿ ನಿಂತಿದ್ದ ರೀತಿ ಅವಳಿಗೆ ಚೆನ್ನಾಗಿ ಪರಿಚಯದ್ದು. ಅದು ಕ್ಲೆಮ್ ಹಾಕಿಂಗನ ಮಣಿಕಟ್ಟು.

ಯಾರೂ ಅವಳನ್ನು ಏನೂ ಕೇಳಲಿಲ್ಲ. ಮುಖ್ಯೋಪಾಧ್ಯಾಯರು "ಕೊನೆಗೂ ದಾರಿಗೆ ಬಂದಿರಿ" ಎಂದು ನಕ್ಕರು. ಆ ವರ್ಷದ ಕೊನೆಗೆ ಅವಳು ರಾಜೀನಾಮೆ ಕೊಟ್ಟಳು. ಮತ್ತೆ ಮಕ್ಕಳೆದುರು ನಿಲ್ಲುವ ಧೈರ್ಯವಾಗಲಿಲ್ಲ. ಮಕ್ಕಳನ್ನು ಬಿಡಲೂ ಆಗಲಿಲ್ಲ. ಕೆಲವು ಕಾಲ ಗ್ರಂಥಾಲಯದಲ್ಲಿ ದುಡಿದು, ನಲವತ್ತು ಸಮೀಪಿಸುವಾಗ ಸಂಶೋಧನೆಗೆಂದು ವಿಶ್ವವಿದ್ಯಾಲಯ ಸೇರಿದಳು. ವಿಷಯ: ನಮ್ಮ ದೇಶದ ಮಕ್ಕಳ ಪುಸ್ತಕಗಳಲ್ಲಿ ಬಾಲ್ಯ ಹೇಗೆ ಕಾಣುತ್ತದೆ.

ಮಾರ್ಗದರ್ಶಿ ಡಾಕ್ಟರ್ ರೊಸಲಿಂಡ್ ವೀಲ್ ನೇರ ಮಾತಿನ ಹೆಂಗಸು. ಮೊದಲ ಅಧ್ಯಾಯ ಓದಿ ಕನ್ನಡಕ ತೆಗೆದರು.

"ಕಾಡಿನಲ್ಲಿ ಕಳೆದುಹೋದ ಮಕ್ಕಳ ಬಗ್ಗೆ ಇಷ್ಟು ಪುಟ ಬರೆದಿದೀಯ. ಅವರು ಯಾಕೆ ಹೋದ್ರು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?"

"ಪುಸ್ತಕಗಳಲ್ಲೇ ಇಲ್ಲ. ಹೂ ಕೀಳೋಕೆ ಹೋದ್ರು, ಮರಿ ಹಿಡಿಯೋಕೆ ಹೋದ್ರು ಅಂತಲೇ ಇರುತ್ತೆ."

"ನಿನಗೆ ಏನನ್ಸುತ್ತೆ?"

ಬೆರಿಲ್ ಕಿಟಕಿಯ ಕಡೆ ನೋಡಿದಳು. "ಓಡಿಹೋದ್ರು ಅನ್ಸುತ್ತೆ" ಎಂದಳು. ಆಮೇಲೆ, ಜೀವನದಲ್ಲಿ ಮೊದಲ ಸಲ, ಸರಪಳಿಯ ಮಾತು ಹೇಳಿದಳು.

ಆ ಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿದ್ದಾಗಲೇ ಟಾಲಿಸ್‌ನಿಂದ ಕರೆ ಬಂತು. ಎಮು ಮರಿಯ ಪುಸ್ತಕಕ್ಕೆ ಮೂವತ್ತು ವರ್ಷ. ಶಾಲೆಯ ಮುಂದೆ ಹುಡುಗ, ಎಮು ಮರಿ ಎರಡನ್ನೂ ಕಾಂಕ್ರೀಟಿನಲ್ಲಿ ಮಾಡಿ ನಿಲ್ಲಿಸುತ್ತಾರೆ. ಊರಿನ ಮಗಳು, ಮಕ್ಕಳ ಪುಸ್ತಕಗಳನ್ನು ಓದಿಕೊಂಡವಳು, ನಾಲ್ಕು ಮಾತಾಡಬೇಕು. ಐವಿ ಸತ್ತು ವರ್ಷಗಳಾಗಿದ್ದವು. ಕ್ಲೆಮ್ ಬದುಕಿದ್ದ. ನೆವಿಲ್ ಊರಲ್ಲೇ ಇದ್ದ, ಸೈಲೋದಲ್ಲಿ ಕೆಲಸ, ಹೆಂಡತಿ, ಇಬ್ಬರು ಮಕ್ಕಳು.

ಸಮಾರಂಭದ ಬೆಳಿಗ್ಗೆ ಬೆರಿಲ್ ನೆಟ್ಟಗೆ ಮಿಸ್ ಆಟವೇ ಮನೆಗೆ ಹೋದಳು. ಮುದುಕಿ ಹೊಸ ಟೋಪಿ ಹಾಕಿಕೊಂಡು ತಯಾರಾಗಿ ಕೂತಿದ್ದರು.

"ಬೆನ್ನು ನೋಡಿದ್ರಿ ನೀವು" ಎಂದಳು ಬೆರಿಲ್, ಕೂರದೆಯೇ. "ಔಷಧಿ ಹಚ್ಚಿದ್ರಿ. ಮುಳ್ಳು ಅಂದ್ರಿ."

ಮಿಸ್ ಆಟವೇ ಅಲ್ಲವೆನ್ನಲಿಲ್ಲ. "ಆಗ ನಾನು ಯಾರ ಹತ್ರ ಹೋಗಬೇಕಿತ್ತು ಹೇಳು? ಪೇದೆ ಅವನ ಜೊತೆ ಕುಡೀತಿದ್ದ. ಹೆಡ್‌ಮಾಸ್ಟರು ಅವನ ತಂಡದಲ್ಲಿ ಆಡ್ತಿದ್ದ."

"ಹೋಗದಿದ್ರೆ ಬೇಡ. ಅವನನ್ನ ದೇವರು ಮಾಡಿ ಬರೀಬೇಕಿತ್ತಾ?"

"ಆ ಮಗೂಗೆ ಒಬ್ಬ ಒಳ್ಳೆ ಅಪ್ಪ ಬೇಕಾಗಿತ್ತು ಬೆರಿಲ್. ನನ್ನ ಕೈಲಿ ಬರೆಯೋಕೆ ಆಗ್ತಿತ್ತು. ಬರೆದೆ."

"ಅವನಿಗೆ ಬೇಕಾಗಿದ್ದು ಬಾಗಿಲು ತಟ್ಟೋರು!"

ಮುದುಕಿ ಮುಖಕ್ಕೆ ಹೊಡೆದಂತೆ ಹಿಂದೆ ಸರಿದರು. ಬೆರಿಲ್‌ಗೆ ಅವರನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟಿತ್ತು. ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡು ಹೊರಗೆ ಬಂದಳು.

ಶಾಲೆಯ ಮುಂದೆ ಇಡೀ ಊರು ಸೇರಿತ್ತು. ಮುಂದಿನ ಸಾಲಿನಲ್ಲಿ ಕ್ಲೆಮ್, ಕೋಟಿನ ಮೇಲೆ ಯುದ್ಧದ ಪದಕಗಳು, ತೊಡೆಗಳ ನಡುವೆ ಊರುಗೋಲು. ಅವನ ಪಕ್ಕ ನೆವಿಲ್, ಮಕ್ಕಳಿಬ್ಬರು. ಬಟ್ಟೆ ಸರಿಸಿದರು, ಚಪ್ಪಾಳೆಯಾಯಿತು. ಕಾಂಕ್ರೀಟಿನ ಹುಡುಗ ದುಂಡುದುಂಡಾಗಿ ನಗುತ್ತಿದ್ದ. ಬೆರಿಲ್ ಪ್ರತಿಮೆಯ ಪಕ್ಕದ ಕಟ್ಟೆ ಹತ್ತಿ ಮೈಕಿನ ಮುಂದೆ ನಿಂತಳು. ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

"ಎಮು ಮರಿ ಇರಲಿಲ್ಲ" ಎಂದಳು. "ಅದು ಅಪ್ಪ ಹೇಳಿದ ಸುಳ್ಳು. ಪಟ್ಟೆ ಇತ್ತು ಅಂತ ನಾನು ಸೇರಿಸಿದ ಸುಳ್ಳು. ನನ್ನ ತಮ್ಮ ಓಡಿಹೋಗಿದ್ದು ನಾಯಿ ಸರಪಳಿಯ ಏಟಿಗೆ."

ಮೊದಲು ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಮೈಕು ಕಿತ್ಕೊಳ್ರೋ ಅವಳ ಕೈಯಿಂದ!" ಇನ್ನೊಬ್ಬ, "ನಾಚಿಕೆ ಆಗಲ್ವೇನೇ? ಮುದುಕನ ಮುಂದೆ!" ಒಂದು ಮಣ್ಣಿನ ಹೆಂಟೆ ಅವಳ ಭುಜಕ್ಕೆ ಬಡಿಯಿತು. ಬೆರಿಲ್ ನಿಲ್ಲಿಸಲಿಲ್ಲ. ಭಾನುವಾರದ ಊಟ, ಕಿವಿಯ ರಕ್ತ, ತೊಟ್ಟಿಯ ಅಟ್ಟದ ಕಥೆ, ಎಲ್ಲ ಹೇಳಿದಳು. ಕ್ಲೆಮ್ ಎದ್ದು ಬರುತ್ತಿರುವುದು ಅವಳಿಗೆ ಕಂಡಿತು. ಎಪ್ಪತ್ತಾರರ ಮುದುಕ, ಮೆಟ್ಟಿಲು ಹತ್ತಲು ಯಾರೋ ಕೈ ಕೊಟ್ಟರು. ಮಾತಾಡಲು ಬರುತ್ತಿದ್ದಾನೆ ಎಂದುಕೊಂಡು ಜನ ಸುಮ್ಮನಾದರು. ಅವನು ಮಾತಾಡಲಿಲ್ಲ. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಬಾಯಿಗೆ ಬೀಸಿದ.

ತುಟಿ ಸೀಳಿತು, ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು. ಅವಳು ಮೊಣಕಾಲೂರಿದಳು. ಎರಡನೆಯ ಏಟು ಕಿವಿಗೆ ಬೀಳಬೇಕಿತ್ತು, ಆದರೆ ಅಷ್ಟರಲ್ಲಿ ನೆವಿಲ್ ಬಂದಿದ್ದ. ಕೋಲನ್ನು ಕಿತ್ತು ಎಸೆದ. ಅಪ್ಪನ ಪದಕಗಳ ಸಮೇತ ಕೋಟು ಹಿಡಿದೆತ್ತಿ, ಕಾಂಕ್ರೀಟಿನ ಎಮು ಮರಿಗೆ ಆನಿಸಿ, ಮೂಟೆ ಹೊತ್ತು ಬಲಿತ ಕೈಯಿಂದ ಕತ್ತು ಅಮುಕಿದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಕ್ಲೆಮ್‌ನ ಹಿಮ್ಮಡಿಗಳು ನೆಲ ಕೆರೆದವು, ನಾಲಗೆ ಹೊರಬಂತು. ನಾಲ್ಕು ಜನ ಜಗ್ಗಿದರೂ ನೆವಿಲ್‌ನ ಬೆರಳು ಬಿಡಲಿಲ್ಲ.

"ಅಪ್ಪಾ!" ಎಂದು ಅವನ ಮಗಳು ಟ್ರೇಸಿ ಕಿರುಚಿದಳು, ಕೇಳುವ ಕಿವಿಯ ಕಡೆಯಿಂದ.

ನೆವಿಲ್ ಕೈ ಬಿಟ್ಟ.

ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ, ಬಾಯಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಬೆರಿಲ್‌ಗಾಗಿ ಅವನು ಕಾದಿದ್ದ. ಅಪ್ಪಿಕೊಳ್ಳುತ್ತಾನೆ ಎಂದುಕೊಂಡಳು. ಅವನು ಅವಳ ಕಾರಿನ ಕನ್ನಡಿಗೆ ಗುದ್ದಿದ. ಗಾಜು ಜೇಡರ ಬಲೆಯಂತೆ ಒಡೆಯಿತು.

"ಯಾರು ಕೇಳಿದ್ರು ನಿನ್ನನ್ನ? ಅದು ನನ್ನ ಬೆನ್ನು ಕಣೇ ಬೆರ್! ನನ್ನದು! ನನ್ನ ಮಕ್ಕಳ ಮುಂದೆ ಬಿಚ್ಚಿ ತೋರಿಸೋಕೆ ನೀನ್ಯಾರು?"

"ನಿನಗೋಸ್ಕರಾನೇ ನೆವ್" ಎಂದು ಅವಳು ಹೊಲಿದ ತುಟಿಯಲ್ಲೇ ತೊದಲಿದಳು.

"ನನಗೋಸ್ಕರನಂತೆ! ಆವತ್ತು ಕಾಡಲ್ಲಿ ಅವರೆಲ್ಲ ಕೂಗ್ತಾ ಇದ್ದಿದ್ದು ನನಗೆ ಕೇಳಿಸ್ತಿತ್ತು. ಪೊದೆ ಅಡಿ ಮಲಗಿದ್ದೆ. ಅವನು ನನ್ನ ಪಕ್ಕದಲ್ಲೇ ದಾಟಿಹೋದ, ಬೂಟು ಕಂಡಿತು. ಇನ್ನೂ ಎರಡು ದಿನ ಇರಬಹುದಿತ್ತು. ಯಾಕೆ ಎದ್ದು ನಿಂತೆ ಗೊತ್ತಾ? ನೀನೊಬ್ಬಳೇ ಆ ಮನೇಲಿ ಸಿಕ್ಕಿಹಾಕ್ಕೊಂಡಿದೀಯ ಅಂತ. ನಾನಿಲ್ಲದಿದ್ರೆ ಎಲ್ಲಾ ನಿನಗೇ ಬೀಳುತ್ತೆ ಅಂತ."

ಅವನ ಗೆಣ್ಣುಗಳಿಂದ ರಕ್ತ ಸುರಿಯುತ್ತಿತ್ತು. ಬೆರಿಲ್ ಕೈಚೌಕ ಚಾಚಿದಳು. ಅವನು ತೆಗೆದುಕೊಳ್ಳದೆ ಹೊರಟುಹೋದ.

ಊರು ಇಬ್ಭಾಗವಾಯಿತು. ಕೆಲವರು ಬೆರಿಲ್‌ಗೆ ಬೈದು ಬರೆದರು. ಕೆಲವರು, ಅದರಲ್ಲೂ ವಯಸ್ಸಾದ ಹೆಂಗಸರು, ಫೋನು ಮಾಡಿ ಹೆಸರು ಹೇಳದೆ ತಮ್ಮ ತಮ್ಮ ಮನೆಗಳ ಬೆಲ್ಟು, ಕೋಲು, ಕುದಿನೀರಿನ ಮಾತು ಹೇಳಿ ಇಟ್ಟುಬಿಟ್ಟರು. ಒಂದು ಬೆಳಿಗ್ಗೆ ಕಾಂಕ್ರೀಟಿನ ಹುಡುಗನ ತಲೆ ಒಡೆದು ಬಿದ್ದಿತ್ತು. ಯಾರ ಕೆಲಸವೆಂದು ಗೊತ್ತಾಗಲಿಲ್ಲ. ಪೊಲೀಸರು ಕ್ಲೆಮ್ ಮೇಲೆ ಕೇಸು ಹಾಕಲು ಬಂದಾಗ ಬೆರಿಲ್ ಒಪ್ಪಿ ಸಹಿ ಹಾಕಿದಳು. ನ್ಯಾಯಾಧೀಶರು ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಹೋಟೆಲಿನಲ್ಲಿ ಅವನ ಪಕ್ಕದ ಸ್ಟೂಲುಗಳು ಖಾಲಿಯಾದವು. ಅವನು ವೃದ್ಧಾಶ್ರಮ ಸೇರಿದ ಮೇಲೆ ಗಡ್ಡ ಬೋಳಿಸಲು, ಸೂಪು ಕುಡಿಸಲು ಹೋಗುತ್ತಿದ್ದವನು ನೆವಿಲ್ ಒಬ್ಬನೇ. ಅಕ್ಕನಿಗೆ ಮಾತ್ರ ಅವನು ಒಂದೂ ಮಾತು ಕಳಿಸಲಿಲ್ಲ.

ಬೆರಿಲ್ ಪ್ರಬಂಧ ಮುಗಿಸಿದಳು. ಮಿಸ್ ಆಟವೇ ಪುಸ್ತಕಕ್ಕೆ ಮೀಸಲಿಟ್ಟ ಅಧ್ಯಾಯ ಎಷ್ಟು ಹರಿತವಾಗಿತ್ತೆಂದರೆ, ಓದಿದ ಡಾಕ್ಟರ್ ವೀಲ್, "ಇದು ವಿಮರ್ಶೆ ಅಲ್ಲ, ಚಾಕು" ಎಂದರು. ಬೆರಿಲ್ ಒಂದಕ್ಷರವನ್ನೂ ಬದಲಿಸಲಿಲ್ಲ. ಅದು ಪುಸ್ತಕವಾಗಿಯೂ ಬಂತು. ಮಿಸ್ ಆಟವೇ ಓದಿದರೋ ಇಲ್ಲವೋ, ಆ ಚಳಿಗಾಲದಲ್ಲೇ ತೀರಿಕೊಂಡರು.

ಮೂರು ವರ್ಷದ ಮೇಲೆ ಫೋನಿನಲ್ಲಿ ನೆವಿಲ್‌ನ ದನಿ. "ಹೋದ" ಎಂದ, ಯಾರು ಎನ್ನದೆ. "ಪೆಟ್ಟಿಗೆ ಹೊರೋಕೆ ಆರು ಜನ ಬೇಕು. ಐದೇ ಆಗಿದೀವಿ. ಬರ್ತೀಯಾ?"

"ಇಲ್ಲ" ಎಂದಳು ಬೆರಿಲ್. "ಅವನನ್ನ ನಾನು ಎತ್ತಲ್ಲ."

"ಸರಿ" ಎಂದ. ಬೇಜಾರೂ ಇರಲಿಲ್ಲ ಆ ದನಿಯಲ್ಲಿ.

ಮಣ್ಣು ಮಾಡಿದ ಸಂಜೆಯೇ ಅವನು ಮೆಲ್ಬರ್ನ್‌ಗೆ ಕಾರು ಓಡಿಸಿಕೊಂಡು ಬಂದು ಅವಳ ಬಾಗಿಲಲ್ಲಿ ನಿಂತ. ಕಪ್ಪು ಸೂಟು, ಬೂಟಿನಲ್ಲಿ ಸ್ಮಶಾನದ ಕೆಂಪು ಮಣ್ಣು. ಒಳಗೆ ಬಂದು ಕೂತು ಅವಳ ತುಟಿಯ ಗಾಯದ ಗೆರೆಯನ್ನೇ ನೋಡಿದ.

"ನಿನ್ನ ಪುಸ್ತಕ ಓದಿದೆ" ಎಂದ. "ನಿಘಂಟು ಪಕ್ಕ ಇಟ್ಕೊಂಡು ಓದಬೇಕಾಯ್ತು ಮಾರಾಯ್ತಿ. ಎಲ್ಲಾ ಸರಿ ಬರೆದಿದೀಯ. ಒಂದು ಬಿಟ್ಟು."

"ಯಾವುದು?"

"ಮಿಸ್ ಬರೆದ ಅಪ್ಪ. ಆ ಅಪ್ಪ ಸುಳ್ಳು, ಮಕ್ಕಳಿಗೆ ಅದರಿಂದ ಮೋಸ ಆಯ್ತು ಅಂತ ಬರೆದಿದೀಯ. ಸುಳ್ಳು ಅಂತ ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಆದ್ರೆ ಟ್ರೇಸಿ ಹುಟ್ಟಿದಾಗ ನನ್ನ ಕೈ ನೋಡ್ಕೊಂಡ್ರೆ ಭಯ ಆಗ್ತಿತ್ತು. ಒಂದ್ಸಲ ಅವಳು ಅಳು ನಿಲ್ಲಿಸದೇ ಇದ್ದಾಗ ತೊಟ್ಟಿಲು ಹಿಡಿದು ಎತ್ತಿದ್ದೆ, ಗೋಡೆಗೆ ಎಸೆಯೋಕೆ. ಹಾಗೇ ಇಳಿಸಿ, ಶೆಡ್ಡಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ಅಪ್ಪ ಅನ್ನೋನು ಏನು ಮಾಡ್ತಾನೆ ಅಂತ ನನಗೆ ಯಾರು ತೋರಿಸಿದ್ರು? ಆ ಪುಸ್ತಕ ಒಂದೇ ಇದ್ದಿದ್ದು. ಅವನು ಹೆಗಲ ಮೇಲೆ ಹೊರ್ತಾನಲ್ಲ, ನಾನೂ ಹೊತ್ತೆ. ಅವನು ಅಕ್ಕರೆಯಿಂದ ಕರೀತಾನೆ, ನಾನೂ ಕರೆದೆ. ನೋಡಿಕೊಂಡು ಕಾಪಿ ಹೊಡೆದೆ ಕಣೇ, ಪರೀಕ್ಷೇಲಿ ಹೊಡೆದ ಹಾಗೆ."

ಬೆರಿಲ್ ಎದ್ದು ಒಲೆ ಹಚ್ಚಿದಳು. ಮಿಸ್ ಆಟವೇ ಮನೆಯಲ್ಲಿ ತಾನು ಕೂಗಿದ್ದು ಸುಳ್ಳಾಗಿರಲಿಲ್ಲ. ಇವನು ಹೇಳುತ್ತಿರುವುದೂ ಸುಳ್ಳಲ್ಲ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಹೇಗಿಡುವುದು ಎಂದು ಅವಳಿಗೆ ಆ ಸಂಜೆ ತಿಳಿಯಲಿಲ್ಲ, ಆಮೇಲೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ ವರ್ಷಗಳಲ್ಲೂ ಪೂರ್ತಿ ತಿಳಿಯಲಿಲ್ಲ. ಮುಂದಿನ ಮುದ್ರಣಕ್ಕೆ ತಮ್ಮನ ಮಾತನ್ನು ಅವನ ಒಪ್ಪಿಗೆ ಕೇಳಿ, ಅವನು ಆಡಿದಂತೆಯೇ ಸೇರಿಸಿದಳು. ತನ್ನ ವಾದವನ್ನು ಮಾತ್ರ ಹಿಂತೆಗೆಯಲಿಲ್ಲ.

"ಊಟ ಮಾಡಿದ್ಯಾ?" ಎಂದು ಕೇಳಿದಳು.

"ಬೆಳಿಗ್ಗೆಯಿಂದ ಇಲ್ಲ."

ಅವಳು ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು. ಅವನು ಬೂಟು ಬಿಚ್ಚಿ ಹೊಸಲಾಚೆ ಇಟ್ಟು, ಕೇಳುವ ಕಿವಿ ಅವಳ ಕಡೆಗಿರುವಂತೆ ಕುರ್ಚಿ ತಿರುಗಿಸಿಕೊಂಡು ಕೂತ.